ಹೆಪ್‌ಜಿ2 ಪ್ಲೇಟ್‌ನಲ್ಲಿ ನೆಲನೆಲ್ಲಿ ಸಾರ: ಎಂಟಿಟಿ ರೀಡಿಂಗ್ ಹಳಿ ತಪ್ಪಿದಾಗ ದೋಷ ಹುಡುಕುವ ಕ್ರಮ

ಯಕೃತ್ತಿನ ಗಡ್ಡೆಯಿಂದ ಬಂದ ಹೆಪ್‌ಜಿ2 ಕೋಶಗಳಿಗೆ ಗಿಡದ ಸಾರ ಹಾಕಿ, ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಮಾಡಿದ್ದೀರಿ. ಸಾರದ ಪ್ರಮಾಣ ಏರಿದಂತೆ ರೀಡಿಂಗ್ (ಸಾರವಿಲ್ಲದ ಕೋಶಗಳಿಗೆ ಹೋಲಿಸಿದ ಶೇಕಡಾ ಲೆಕ್ಕ) ಇಳಿಯಬೇಕಿತ್ತು. ಬದಲಿಗೆ 100 ಮೈಕ್ರೋಗ್ರಾಂನಲ್ಲಿ 118%, 200ರಲ್ಲಿ 140% ಬಂದಿದೆ. ಅದೇ ವೆಲ್ಲನ್ನು (ಪ್ಲೇಟ್‌ನ ಗುಳಿಯನ್ನು) ಸೂಕ್ಷ್ಮದರ್ಶಕದಡಿ ನೋಡಿದರೆ ಕೋಶಗಳು ದುಂಡಗಾಗಿ ತೇಲುತ್ತಿವೆ. ಇಲ್ಲವೇ ಹೋದ ತಿಂಗಳು 35 ಇದ್ದ ಐಸಿ50 (ರೀಡಿಂಗನ್ನು ಅರ್ಧಕ್ಕಿಳಿಸುವ ಪ್ರಮಾಣ) ಈ ತಿಂಗಳು 160ಕ್ಕೆ ಜಿಗಿದಿದೆ. ಇಲ್ಲವೇ ಸಾರ ಬಿದ್ದ ವೆಲ್‌ಗಳೆಲ್ಲ 10 ಮೈಕ್ರೋಗ್ರಾಂನಲ್ಲೇ ಸತ್ತುಹೋಗಿವೆ. ಖುಷಿಪಡಬೇಕೋ ಅನುಮಾನಪಡಬೇಕೋ ತಿಳಿಯದು. ಅನುಮಾನಪಡಿ. ಗಿಡದ ಕಚ್ಚಾ ಸಾರವನ್ನು ಎಂಟಿಟಿಗೆ ಒಡ್ಡಿದಾಗ ಬರುವ ವಿಚಿತ್ರ ಅಂಕಿಗಳಲ್ಲಿ ಬಹುಪಾಲು ಗಿಡದ ಗುಣವಲ್ಲ, ಪ್ಲೇಟ್‌ನೊಳಗಿನ ರಸಾಯನಶಾಸ್ತ್ರ.

ಉದಾಹರಣೆಗೆ ನೆಲನೆಲ್ಲಿಯನ್ನೇ ತೆಗೆದುಕೊಳ್ಳೋಣ. ಸಸ್ಯಶಾಸ್ತ್ರದವರ ಫಿಲ್ಯಾಂತಸ್ ಅಮಾರಸ್, ಊರಿನವರ ಕಿರುನೆಲ್ಲಿ. ಕಾಮಾಲೆಗೆ ಅರೆದು ಕೊಡುವ ಗಿಡವಾದ್ದರಿಂದ ‘ಲಿವರ್’ ಎಂದ ಕೂಡಲೇ ಪ್ರಯೋಗಾಲಯಕ್ಕೆ ಬರುವ ಗಿಡಗಳಲ್ಲಿ ಇದೂ ಒಂದು. ತೊಂದರೆ ಕೊಡಬಲ್ಲ ವಸ್ತುಗಳೆಲ್ಲ ಇದರಲ್ಲಿವೆ: ಜೆರಾನಿನ್, ಕೊರಿಲಾಜಿನ್‌ನಂಥ ಟ್ಯಾನಿನ್‌ಗಳು, ಗ್ಯಾಲಿಕ್ ಆಮ್ಲ, ನೀರಿನಲ್ಲಿ ಕರಗದ ಫಿಲ್ಯಾಂತಿನ್‌ನಂಥ ಲಿಗ್ನಾನ್‌ಗಳು, ಜೊತೆಗೆ ಎಲೆಯ ಹಸಿರು. ಇದನ್ನು ಸರಿಯಾಗಿ ಪರೀಕ್ಷಿಸಲು ಬಂದವರಿಗೆ ನೆಲಬೇವು, ಅಮೃತಬಳ್ಳಿ ಕಷ್ಟವಾಗುವುದಿಲ್ಲ. (ಕಾಮಾಲೆಗೆ ಒಳ್ಳೆಯದು ಅಂದರೆ ಯಕೃತ್ತಿನ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ ಎಂದು ಅರ್ಥವಲ್ಲ. ಯಕೃತ್ತಿನ ಕೋಶವನ್ನು ಕಾಪಾಡುತ್ತದೆ ಎಂದು ತೋರಿಸಲಿಕ್ಕೂ, ಕೊಲ್ಲುತ್ತದೆ ಎಂದು ತೋರಿಸಲಿಕ್ಕೂ ಜನ ಇದೇ ಹೆಪ್‌ಜಿ2 ಕೋಶವನ್ನು ಬಳಸುತ್ತಾರೆ ಎಂಬುದು ನೆನಪಿರಲಿ.)

ಕೆಳಗೆ ಹೇಳಿರುವ ಎಲ್ಲ ಪ್ರಮಾಣಗಳೂ ಒಂದು ಮಿ.ಲೀ. ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವಕ್ಕೆ) ಇಷ್ಟು ಮೈಕ್ರೋಗ್ರಾಂ ಒಣಸಾರ ಎಂಬ ಲೆಕ್ಕದವು. ಪ್ಲೇಟ್ 96 ವೆಲ್‌ನದು. ವೆಲ್‌ಗೆ 8,000 ಕೋಶ, 100 ಮೈಕ್ರೋಲೀಟರ್ ಮೀಡಿಯಾ. 24 ಗಂಟೆ ಅಂಟಲು ಬಿಟ್ಟು, ಎರಡು ಪಟ್ಟು ಗಾಢತೆಯ ಸಾರ 100 ಮೈಕ್ರೋಲೀಟರ್ ಸೇರಿಸಿ ಒಟ್ಟು 200.

ಮೊದಲು ಕೋಶವಿಲ್ಲದ ಪ್ಲೇಟ್

ಏನೇ ದೋಷ ಕಂಡರೂ ಮೊದಲ ಹೆಜ್ಜೆ ಇದೇ. ಅರ್ಧ ದಿನದ ಕೆಲಸ, ರಾತ್ರಿಯೆಲ್ಲ ಕಾಯುವುದು ಬೇರೆ. ಇದನ್ನು ಬಿಟ್ಟು ಮೂರು ತಿಂಗಳು ಕಳೆದುಕೊಳ್ಳುವುದು ಸುಲಭ.

ಕೋಶವಿಲ್ಲದ ವೆಲ್‌ಗಳಿಗೆ ಸೀರಂ ಸೇರಿದ ಮೀಡಿಯಾ ಹಾಕಿ, 0, 12.5, 25, 50, 100, 200 ಹೀಗೆ ಸಾರ ಬೆರೆಸಿ. ಒಂದೊಂದು ಪ್ರಮಾಣಕ್ಕೂ ಆರು ವೆಲ್, ಒಂದೊಂದರಲ್ಲೂ 100 ಮೈಕ್ರೋಲೀಟರ್. ಆರರಲ್ಲಿ ಮೂರಕ್ಕೆ ಎಂಟಿಟಿ ಹಾಕಬೇಡಿ. ಉಳಿದ ಮೂರಕ್ಕೆ ಮಿ.ಲೀ.ಗೆ 5 ಮಿ.ಗ್ರಾಂ ಗಾಢತೆಯ ಎಂಟಿಟಿ ದ್ರಾವಣ 10 ಮೈಕ್ರೋಲೀಟರ್ ಹಾಕಿ, 37 ಡಿಗ್ರಿಯಲ್ಲಿ 4 ಗಂಟೆ ಇಡಿ. ಇಲ್ಲಿ ಮೀಡಿಯಾವನ್ನು ಹೀರಿ ಡಿಎಂಎಸ್‌ಒ (ಹರಳನ್ನೂ ಸಾರವನ್ನೂ ಕರಗಿಸುವ ದ್ರಾವಕ) ಹಾಕುವ ಮಾಮೂಲಿ ಕ್ರಮ ಬೇಡ: ಹಿಡಿದಿಡಲು ಕೋಶಗಳಿಲ್ಲ, ಹುಟ್ಟಿದ ನೇರಳೆ ಹರಳು ಹೀರುವಾಗಲೇ ಹೋಗಿ ‘ಏನೂ ಇಲ್ಲ’ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿದ 10% ಎಸ್‌ಡಿಎಸ್ (ಸಾಬೂನಿನಂಥ ವಸ್ತು) ದ್ರಾವಣವನ್ನು 100 ಮೈಕ್ರೋಲೀಟರ್‌ನಷ್ಟು ಎಲ್ಲ ವೆಲ್‌ಗಳಿಗೂ ನೇರ ಸೇರಿಸಿ, ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ 570 ನ್ಯಾನೋಮೀಟರ್‌ನಲ್ಲಿ ಓದಿ.

ಎಂಟಿಟಿ ಇಲ್ಲದ ವೆಲ್‌ಗಳಲ್ಲೇ ಪ್ರಮಾಣದೊಂದಿಗೆ ಓ.ಡಿ. (ಬೆಳಕು ಹೀರಿಕೆಯ ಅಳತೆ) ಏರಿದರೆ ಅದು ಸಾರದ ಸ್ವಂತ ಬಣ್ಣ ಅಥವಾ ಗಸಿ. ಎಂಟಿಟಿ ಇರುವ ವೆಲ್‌ಗಳಲ್ಲಿ ಅದಕ್ಕಿಂತಲೂ ಹೆಚ್ಚು ಏರಿದರೆ ಸಾರವೇ ಎಂಟಿಟಿಗೆ ಎಲೆಕ್ಟ್ರಾನ್ ಕೊಟ್ಟು ನೇರಳೆಯಾಗಿಸುತ್ತಿದೆ (ಅಪಕರ್ಷಣೆ). ಎರಡಕ್ಕೂ ಪರಿಹಾರ ಬೇರೆ ಬೇರೆ, ಆದ್ದರಿಂದ ಬಿಡಿಸಿ ನೋಡಬೇಕು. ಕೋಶವಿಲ್ಲದ ವೆಲ್‌ನ ಓ.ಡಿ. (ಸಾರವೂ ಇಲ್ಲದ ವೆಲ್‌ನದನ್ನು ಕಳೆದ ಮೇಲೆ), ಅಸಲಿ ಪ್ಲೇಟ್‌ನ ಡಿಎಂಎಸ್‌ಒ ಕಂಟ್ರೋಲ್‌ನ (ಸಾರವಿಲ್ಲದೆ ಡಿಎಂಎಸ್‌ಒ ಮಾತ್ರ ಬಿದ್ದ ಕೋಶಗಳ) ಓ.ಡಿ.ಯ 5% ದಾಟಿದರೆ ಆ ಪ್ರಮಾಣದ ಎಂಟಿಟಿ ಅಂಕಿಯನ್ನು ಒಂಟಿಯಾಗಿ ನಂಬಬಾರದು.

ಇದೇ ಹೊತ್ತಿನಲ್ಲಿ ಇನ್ನೊಂದು ಸಾಲು ವೆಲ್‌ಗಳಲ್ಲಿ ಸಾರ ಮತ್ತು ಮೀಡಿಯಾ ಮಾತ್ರ ಹಾಕಿ ಇನ್‌ಕ್ಯುಬೇಟರ್‌ನಲ್ಲಿಡಿ. 1 ಗಂಟೆ ಮತ್ತು 24 ಗಂಟೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿ: ಹರಳು, ಎಣ್ಣೆಹನಿ, ಕಂದು ಪುಡಿ ಇದೆಯೇ? ಮೀಡಿಯಾದ ಕೆಂಪು ಬಣ್ಣ ಹಳದಿಗೆ ತಿರುಗಿದೆಯೇ? ಕಂದಾಗಿದೆಯೇ? ಮುಂದಿನ ಅರ್ಧ ಉತ್ತರ ಈ ಸಾಲಿನಲ್ಲೇ ಇರುತ್ತದೆ.

ರೀಡಿಂಗ್ 100% ದಾಟುತ್ತಿದ್ದರೆ

ಎಂಟಿಟಿ ಹಳದಿ, ಜೀವಂತ ಕೋಶದ ಎನ್‌ಎಡಿಎಚ್ ಮುಂತಾದವು ಅದಕ್ಕೆ ಎಲೆಕ್ಟ್ರಾನ್ ಕೊಟ್ಟರೆ ನೇರಳೆ ಫಾರ್ಮಜಾನ್ ಆಗುತ್ತದೆ. 1983ರಲ್ಲಿ ಮಾಸ್ಮನ್ ಇದನ್ನು ಪ್ರಕಟಿಸಿದಾಗಿನಿಂದ ಇಂದಿನವರೆಗೆ ವಿಧಾನ ಹೆಚ್ಚು ಬದಲಾಗಿಲ್ಲ. ಆದರೆ ಎಲೆಕ್ಟ್ರಾನ್ ಕೊಟ್ಟವರು ಯಾರು ಎಂದು ಎಂಟಿಟಿ ಕೇಳುವುದಿಲ್ಲ. ಗ್ಯಾಲಿಕ್ ಆಮ್ಲ, ಕ್ವೆರ್ಸೆಟಿನ್, ವಿಟಮಿನ್ ಸಿ, ಟ್ಯಾನಿನ್ ಯಾವುದಾದರೂ ಸರಿ. ‘ಉತ್ತಮ ಆ್ಯಂಟಿಆಕ್ಸಿಡೆಂಟ್’ ಎಂದು ಡಿಪಿಪಿಎಚ್ ಪರೀಕ್ಷೆಯಲ್ಲಿ ಮೆರೆದ ಸಾರವೇ ಎಂಟಿಟಿಯಲ್ಲಿ ಸತ್ತ ಕೋಶಗಳನ್ನು ಬದುಕಿಸಿ ತೋರಿಸುವುದು ಆಶ್ಚರ್ಯವೇನಲ್ಲ. ಎರಡೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ಗುಣ.

ಮೊದಲ ಪರಿಹಾರ ಎಂಟಿಟಿ ಹಾಕುವ ಮುನ್ನ ಸಾರವನ್ನು ತೆಗೆಯುವುದು. ಹೆಪ್‌ಜಿ2 ಇಲ್ಲಿ ಕೈಕೊಡುತ್ತದೆ. ಈ ಕೋಶಗಳು ಗುಂಪುಗುಂಪಾಗಿ ಬೆಳೆಯುತ್ತವೆ, ಸಾರ ಬಿದ್ದಾಗ ಇಡೀ ಗುಂಪೇ ತಳ ಬಿಡುತ್ತದೆ, ಜೋರಾಗಿ ಹೀರಿದರೆ ಜೀವಂತ ಕೋಶಗಳೂ ಟಿಪ್ಪಿನೊಳಗೆ ಹೋಗುತ್ತವೆ. ಆಗ ತಪ್ಪು ಮತ್ತೊಂದು ದಿಕ್ಕಿಗೆ ಹೊರಳಿ, ಸಾರಕ್ಕೆ ಇಲ್ಲದ ಶಕ್ತಿ ಬಂದಂತೆ ಕಾಣುತ್ತದೆ. ಪ್ಲೇಟ್ ತಿರುಗಿಸುವ ಸೆಂಟ್ರಿಫ್ಯೂಜ್ ಇದ್ದರೆ 200 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ. ಟಿಪ್ಪನ್ನು ವೆಲ್‌ನ ಗೋಡೆಗೆ ತಾಗಿಸಿ 150 ಮೈಕ್ರೋಲೀಟರ್ ಮಾತ್ರ ತೆಗೆಯಿರಿ, ತಳ ಮುಟ್ಟಬೇಡಿ. ಬೆಚ್ಚಗಿನ ಪಿಬಿಎಸ್ (ಲವಣದ ಬಫರ್ ದ್ರಾವಣ) 150 ಹಾಕಿ ಮತ್ತೆ ಅಷ್ಟೇ ತೆಗೆಯಿರಿ. ನಂತರ ಸೀರಂ ಇಲ್ಲದ ಹೊಸ ಮೀಡಿಯಾ ಸೇರಿಸಿ ಒಟ್ಟು 200ಕ್ಕೆ ತಂದು, ಎಂಟಿಟಿ 20 ಮೈಕ್ರೋಲೀಟರ್ ಹಾಕಿ. ಸಾರವಿಲ್ಲದ ಕಂಟ್ರೋಲ್‌ಗೂ ಇದೇ ತೊಳೆತ ಆಗಬೇಕು. ಅದನ್ನು ತೊಳೆಯದೆ ಸಾರದ ವೆಲ್‌ಗಳನ್ನಷ್ಟೇ ತೊಳೆದ ಪ್ಲೇಟ್‌ನಿಂದ ಯಾವ ಅಂಕಿಯೂ ಬೇಡ.

‘ಕೋಶವಿಲ್ಲದ ಬ್ಲ್ಯಾಂಕ್ ಕಳೆದರೆ ಸಾಲದೇ?’ ಬಣ್ಣದ ತೊಂದರೆಯಾದರೆ ಸಾಕು. ಅಪಕರ್ಷಣೆಯಾದರೆ ಸಾಲದು. 48 ಗಂಟೆ ಕೋಶಗಳೊಂದಿಗೆ ಇದ್ದ ಸಾರ, ಬರೀ ಮೀಡಿಯಾದಲ್ಲಿದ್ದ ಸಾರದಂತೆ ವರ್ತಿಸುವುದಿಲ್ಲ; ಕೆಲವು ಭಾಗ ಕೋಶದೊಳಗೆ ಹೋಗಿರುತ್ತದೆ, ಕೆಲವು ಬದಲಾಗಿರುತ್ತದೆ. ಕಳೆಯುವ ಅಂಕಿಯೇ ತಪ್ಪಾದ ಮೇಲೆ ಉತ್ತರ ಸರಿಯಿರಲು ಹೇಗೆ ಸಾಧ್ಯ?

ಆದ್ದರಿಂದ ಟ್ಯಾನಿನ್ ಹೆಚ್ಚಿರುವ ಯಾವುದೇ ಸಾರಕ್ಕೆ ಎಸ್‌ಆರ್‌ಬಿ ಪರೀಕ್ಷೆಯನ್ನು ಜೊತೆಗಿಟ್ಟುಕೊಳ್ಳಿ. ಅದು ಅಪಕರ್ಷಣೆಯನ್ನಲ್ಲ, ತಳಕ್ಕಂಟಿದ ಪ್ರೋಟೀನನ್ನು ಅಳೆಯುತ್ತದೆ. 200 ಮೈಕ್ರೋಲೀಟರ್ ಇರುವ ವೆಲ್‌ಗೆ ತಣ್ಣನೆಯ 50% ಟ್ರೈಕ್ಲೋರೋಅಸಿಟಿಕ್ ಆಮ್ಲ 50 ಮೈಕ್ರೋಲೀಟರನ್ನು ಮೇಲಿನಿಂದ ನಿಧಾನವಾಗಿ ಬಿಡಿ, ಗಾಢತೆ 10%ಕ್ಕೆ ಬರುತ್ತದೆ. 4 ಡಿಗ್ರಿಯಲ್ಲಿ 1 ಗಂಟೆ. ನೀರಿನಲ್ಲಿ ಐದು ಸಲ ತೊಳೆದು ಒಣಗಿಸಿ. 1% ಅಸಿಟಿಕ್ ಆಮ್ಲದಲ್ಲಿ ಮಾಡಿದ 0.4% ಎಸ್‌ಆರ್‌ಬಿ ಬಣ್ಣ 100 ಮೈಕ್ರೋಲೀಟರ್, 30 ನಿಮಿಷ. 1% ಅಸಿಟಿಕ್ ಆಮ್ಲದಲ್ಲೇ (ನೀರಿನಲ್ಲಲ್ಲ, ನೀರು ಹಿಡಿದ ಬಣ್ಣವನ್ನೂ ಬಿಡಿಸುತ್ತದೆ) ಐದು ಸಲ ತೊಳೆದು ಪೂರ್ತಿ ಒಣಗಿಸಿ. 10 ಮಿಲಿಮೋಲಾರ್ ಟ್ರಿಸ್ ಬೇಸ್ 200 ಮೈಕ್ರೋಲೀಟರ್ ಹಾಕಿ 10 ನಿಮಿಷ ಅಲುಗಾಡಿಸಿ, 510ರಿಂದ 540 ನ್ಯಾನೋಮೀಟರ್ ನಡುವೆ ಓದಿ.

ಇಲ್ಲೂ ಒಂದು ಗುಂಡಿ ಇದೆ. ಟ್ಯಾನಿನ್ ಸೀರಂನ ಪ್ರೋಟೀನನ್ನು ಹಿಡಿದು ತಳಕ್ಕೆ ಇಳಿಸುತ್ತದೆ, ಆ ಪದರವೂ ಎಸ್‌ಆರ್‌ಬಿಯನ್ನು ಹೀರುತ್ತದೆ. ಕೋಶವಿಲ್ಲದ ಬ್ಲ್ಯಾಂಕ್ ಈ ಪರೀಕ್ಷೆಗೂ ಬೇಕು.

ಎಂಟಿಟಿ 130% ಎಂದು, ಎಸ್‌ಆರ್‌ಬಿ 60% ಎಂದು ಹೇಳಿದರೆ ಎಸ್‌ಆರ್‌ಬಿಯನ್ನು ನಂಬಿ. ಎರಡೂ 115% ಎಂದರೆ ಕೋಶಗಳು ನಿಜವಾಗಿಯೂ ಹೆಚ್ಚಿವೆ; ಕಡಿಮೆ ಪ್ರಮಾಣದಲ್ಲಿ ಹಾಗಾಗುವುದುಂಟು, ಅದನ್ನು ಮುಚ್ಚಿಡಬೇಕಿಲ್ಲ.

ಬಣ್ಣ ಮಾತ್ರ ತೊಂದರೆ ಕೊಡುತ್ತಿದ್ದರೆ ಪ್ರತಿ ಪ್ರಮಾಣಕ್ಕೂ ಅದರದೇ ಬ್ಲ್ಯಾಂಕ್ ಇಡಿ, 570ರ ಓ.ಡಿ.ಯಿಂದ 630ರದ್ದನ್ನು ಕಳೆಯಿರಿ. ಹಸಿರು ಸಾರಗಳಲ್ಲಿ ಮಾತ್ರ 630ರ ಕಳೆತ ಎಚ್ಚರಿಕೆಯಿಂದ ಆಗಬೇಕು. ಕೆಂಪು ಬೆಳಕಿನಲ್ಲಿ ಕ್ಲೋರೊಫಿಲ್ ಗರಿಷ್ಠ ಹೀರುವುದು 660ರ ಸುತ್ತ, 630ರಲ್ಲೂ ಗಣನೀಯವಾಗಿ ಹೀರುತ್ತದೆ. ಕಳೆದರೆ ರೀಡಿಂಗ್ ಇಲ್ಲದಷ್ಟು ಕೆಳಗಿಳಿದು ಸಾರ ಕೊಂದಂತೆ ಕಾಣುತ್ತದೆ. ಹಸಿರು ಸಾರಕ್ಕೆ 630 ಬಿಟ್ಟು ಸ್ವಂತ ಬ್ಲ್ಯಾಂಕನ್ನಷ್ಟೇ ಕಳೆಯುವುದು ಮೇಲು.

ಎಲ್ಲವೂ ಸತ್ತಿದ್ದರೆ

ಇದು ಹೆಚ್ಚು ಅಪಾಯಕಾರಿ ದೋಷ, ಏಕೆಂದರೆ ಇದನ್ನು ಯಾರೂ ದೋಷ ಎಂದು ನೋಡುವುದಿಲ್ಲ.

ಮೊದಲ ಆರೋಪಿ ಹೈಡ್ರೋಜನ್ ಪೆರಾಕ್ಸೈಡ್. ಗ್ಯಾಲಿಕ್ ಆಮ್ಲದಂಥ ಪಾಲಿಫಿನಾಲ್‌ಗಳು ಡಿಎಂಇಎಂ ಮೀಡಿಯಾದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ತಾವೇ ಆಕ್ಸಿಡೀಕರಣಗೊಂಡು ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶ ಸಾಯುವುದು ಆ ಪೆರಾಕ್ಸೈಡ್‌ನಿಂದ. ದೇಹದೊಳಗೆ ಈ ಘಟನೆ ಹೀಗೆಯೇ ನಡೆಯಬೇಕಿಲ್ಲ. ಸುಳಿವು: ಸಾರ ಹಾಕಿದ ಒಂದೆರಡು ಗಂಟೆಯಲ್ಲೇ ಮೀಡಿಯಾ ಕಂದಾಗುವುದು, ಒಂದು ಪ್ರಯೋಗಾಲಯದಲ್ಲಿ ಸತ್ತದ್ದು ಇನ್ನೊಂದರಲ್ಲಿ ಸಾಯದಿರುವುದು.

ಎರಡನೆಯದಕ್ಕೆ ಕಾರಣ ಅನೇಕ ಸಲ ಮೀಡಿಯಾ ಬಾಟಲಿಯ ಲೇಬಲ್ಲಿನಲ್ಲೇ ಇರುತ್ತದೆ. ಹೈ ಗ್ಲೂಕೋಸ್ ಡಿಎಂಇಎಂ ಎರಡು ಬಗೆಯಲ್ಲಿ ಸಿಗುತ್ತದೆ: ಲೀಟರ್‌ಗೆ 110 ಮಿ.ಗ್ರಾಂ ಸೋಡಿಯಂ ಪೈರುವೇಟ್ ಇರುವುದು, ಇಲ್ಲದಿರುವುದು. ಈ 1 ಮಿಲಿಮೋಲಾರ್ ಪೈರುವೇಟ್ ಪೆರಾಕ್ಸೈಡನ್ನು ತಿಂದುಹಾಕುತ್ತದೆ. ಸ್ಟೋರ್‌ನವರು ಈ ಸಲ ಬೇರೆ ಕ್ಯಾಟಲಾಗ್ ಸಂಖ್ಯೆಯದನ್ನು ತರಿಸಿದ್ದರೆ ನಿಮ್ಮ ಐಸಿ50 ರಾತ್ರೋರಾತ್ರಿ ಬದಲಾದದ್ದಕ್ಕೆ ಗಿಡವನ್ನು ದೂರಬೇಡಿ.

ಪತ್ತೆ ಹೀಗೆ. ಸಾರ ಹಾಕುವ ಅರ್ಧ ಗಂಟೆ ಮೊದಲು ಮಿ.ಲೀ.ಗೆ 100 ಯೂನಿಟ್ ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯುವ ಕಿಣ್ವ) ಸೇರಿಸಿದ ಒಂದು ಸಾಲು. ಕುದಿಸಿ ನಿಷ್ಕ್ರಿಯಗೊಳಿಸಿದ ಕ್ಯಾಟಲೇಸ್ ಸೇರಿಸಿದ ಇನ್ನೊಂದು ಸಾಲು. ಏನೂ ಇಲ್ಲದ ಮೂರನೆಯದು. ಮೊದಲ ಸಾಲಿನಲ್ಲಷ್ಟೇ ಕೋಶ ಉಳಿದರೆ ನೀವು ಅಳೆದದ್ದು ಪೆರಾಕ್ಸೈಡನ್ನು. ಕುದಿಸಿದ ಸಾಲನ್ನು ಬಿಡಬೇಡಿ. ಕ್ಯಾಟಲೇಸ್ ಸ್ವತಃ ಪ್ರೋಟೀನ್. ಬರೀ ಟ್ಯಾನಿನ್ ಹಿಡಿದುಕೊಂಡೂ ಅದು ಕೋಶವನ್ನು ಉಳಿಸಬಹುದು.

ಎರಡನೆಯ ಆರೋಪಿ ಬೆಳಕು. ಎಲೆ ನಿಧಾನವಾಗಿ ಒಣಗುವಾಗ ಕ್ಲೋರೊಫಿಲ್ ಮುರಿದು ಫಿಯೋಫಾರ್ಬೈಡ್ ಎಂಬ ವಸ್ತುವಾಗುತ್ತದೆ. ಕತ್ತಲಲ್ಲಿ ಅದು ಸಾಧು. ಬೆಳಕು ಬಿದ್ದರೆ ಕೋಶವನ್ನು ಕೊಲ್ಲುತ್ತದೆ. ಹುಡ್‌ನ ಟ್ಯೂಬ್‌ಲೈಟ್ ಕೆಳಗೆ ಪ್ಲೇಟನ್ನು ಹತ್ತಿಪ್ಪತ್ತು ನಿಮಿಷ ಬಿಡುವ ಅಭ್ಯಾಸವಿದ್ದರೆ ಅಷ್ಟೇ ಸಾಕಾಗಬಹುದು. ಒಂದೇ ದಿನ ಎರಡು ಪ್ಲೇಟ್ ಹಾಕಿ, ಒಂದಕ್ಕೆ ಸಾರ ಹಾಕುವಾಗ ದೀಪ ಆರಿಸಿ, ಅಲ್ಯುಮಿನಿಯಂ ಹಾಳೆ ಸುತ್ತಿ ಕೊನೆಯವರೆಗೂ ಕತ್ತಲಲ್ಲಿಡಿ. ಇನ್ನೊಂದನ್ನು ಮಾಮೂಲಿನಂತೆ ನೋಡಿಕೊಳ್ಳಿ. ವ್ಯತ್ಯಾಸ ಎದ್ದು ಕಂಡರೆ ಮುಂದಿನ ಎಲ್ಲ ಕೆಲಸ ಮಬ್ಬು ಬೆಳಕಿನಲ್ಲಿ. 90% ಮೆಥನಾಲ್‌ನಲ್ಲಿ ಕರಗಿಸಿದ ಸಾರವನ್ನು ಹೆಕ್ಸೇನ್‌ನಿಂದ ತೊಳೆದರೆ ಹಸಿರಿನ ಒಂದು ಪಾಲು ಹೋಗುತ್ತದೆ, ಆದರೆ ಫಿಯೋಫಾರ್ಬೈಡ್ ಆಮ್ಲದ ಗುಣದ್ದಾದ್ದರಿಂದ ಮೆಥನಾಲ್ ಕಡೆಯೇ ಉಳಿಯುವುದು ಹೆಚ್ಚು. ಹಸಿರು ತಿಳಿಯಾಯಿತೆಂದು ಕತ್ತಲ ನಿಯಮ ಸಡಿಲಿಸಬೇಡಿ.

ಇನ್ನುಳಿದವು ಬೇಗ ಹೇಳಿ ಮುಗಿಸಬಹುದು. ನೊರೆ ಬರುವ, ಸಪೋನಿನ್ ಹೆಚ್ಚಿರುವ ಸಾರಗಳು (ಅಂಟುವಾಳ, ಸೀಗೆಯಂಥವು) ಕೋಶದ ಪೊರೆಯನ್ನು ಸಾಬೂನಿನಂತೆ ಹರಿಯುತ್ತವೆ. 2 ಗಂಟೆಯಲ್ಲೇ ಮೀಡಿಯಾಕ್ಕೆ ಎಲ್‌ಡಿಎಚ್ (ಕೋಶದೊಳಗಿನ ಕಿಣ್ವ) ಸೋರಿದ್ದರೆ, ಕೆಂಪು ರಕ್ತಕಣಗಳನ್ನೂ ಅದೇ ಪ್ರಮಾಣ ಒಡೆದರೆ, ಅದನ್ನು ಕ್ಯಾನ್ಸರ್ ವಿರೋಧಿ ಗುಣ ಎನ್ನಲಾಗದು. ಕಷಾಯದಂಥ ನೀರಿನ ಸಾರಗಳಲ್ಲಿ 200 ಮೈಕ್ರೋಗ್ರಾಂಗಿಂತ ಮೇಲೆ ಮೀಡಿಯಾದ ಪಿಎಚ್ ಅಳೆಯಿರಿ. ಹಳದಿಯಾಗಿದ್ದರೆ ಕೊಂದದ್ದು ಹುಳಿ. ರೋಟರಿ ಇವ್ಯಾಪೊರೇಟರ್‌ನಿಂದ ಬಂದ ಅಂಟು ಸಾರದಲ್ಲಿ ಮೆಥನಾಲ್ ಉಳಿದಿರುತ್ತದೆ: 40 ಡಿಗ್ರಿ ಮೀರದಂತೆ ಆವಿಯಾಗಿಸಿ, ನಿರ್ವಾತದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಡಿಎಂಎಸ್‌ಒ ವೆಲ್‌ನಲ್ಲಿ 0.2% ಒಳಗಿರಲಿ, 0.5% ಕಡೆಯ ಗಡಿ. ಎಲ್ಲ ವೆಲ್‌ಗಳಲ್ಲೂ ಒಂದೇ ಇರಲಿ. ಮಿ.ಲೀ.ಗೆ 100 ಮಿ.ಗ್ರಾಂ ಸ್ಟಾಕ್ ಮಾಡಿದರೆ 200 ಮೈಕ್ರೋಗ್ರಾಂಗೆ 0.2% ಸರಿಹೋಗುತ್ತದೆ. 10 ಮಿ.ಗ್ರಾಂ ಸ್ಟಾಕ್‌ನಿಂದ ಅದೇ ಪ್ರಮಾಣ ಕೊಡಲು ಹೋದರೆ 2% ಡಿಎಂಎಸ್‌ಒ ಬೀಳುತ್ತದೆ. ‘ಸಾರ ಕೊಂದಿತು’ ಎಂಬ ವರದಿಗಳ ಹಿಂದೆ ಈ ಗುಣಾಕಾರ ತಪ್ಪಿರುವುದು ಅಪರೂಪವಲ್ಲ.

ಏನೂ ಆಗದಿದ್ದರೆ

ಮೊದಲು ಪಾಸಿಟಿವ್ ಕಂಟ್ರೋಲ್ (ಕೋಶವನ್ನು ಕೊಲ್ಲುವುದೆಂದು ಗೊತ್ತಿರುವ ಔಷಧ) ನೋಡಿ. ಡಾಕ್ಸೊರುಬಿಸಿನ್ ಕೂಡ ಕೊಲ್ಲದಿದ್ದರೆ ದೋಷ ಕೋಶದಲ್ಲೋ ಪ್ಲೇಟ್‌ನಲ್ಲೋ ಇದೆ, ಸಾರದ ಮಾತು ಆಮೇಲೆ. ಸಿಸ್‌ಪ್ಲಾಟಿನ್ ಬಳಸುವವರು ಅದನ್ನು ಸಾರಗಳ ಜೊತೆ ಡಿಎಂಎಸ್‌ಒದಲ್ಲೇ ಕರಗಿಸಿಬಿಡುತ್ತಾರೆ. ಡಿಎಂಎಸ್‌ಒ ಪ್ಲಾಟಿನಂಗೆ ಅಂಟಿಕೊಂಡು ಔಷಧವನ್ನೇ ನಿಸ್ತೇಜಗೊಳಿಸುತ್ತದೆ. 0.9% ಸಲೈನ್‌ನಲ್ಲಿ ಕರಗಿಸಿ.

ಕಂಟ್ರೋಲ್ ಸರಿಯಿದ್ದರೆ ಕೋಶವಿಲ್ಲದ ಸಾಲನ್ನು ಮತ್ತೆ ನೋಡಿ. ಹರಳು ಕಂಡಿತ್ತೇ? ಫಿಲ್ಯಾಂತಿನ್, ನೆಲಬೇವಿನ ಆ್ಯಂಡ್ರೋಗ್ರಾಫೊಲೈಡ್ ಡಿಎಂಎಸ್‌ಒದಲ್ಲಿ ಚೆನ್ನಾಗಿ ಕರಗಿ, ಮೀಡಿಯಾಕ್ಕೆ ಬಿದ್ದೊಡನೆ ಕೂರಬಲ್ಲವು. ಗಾಢ ಸ್ಟಾಕನ್ನು ಮೀಡಿಯಾದಲ್ಲಿ ಅರ್ಧರ್ಧ ಮಾಡುತ್ತ ಹೋಗುವುದು ಇಲ್ಲಿ ಕೆಟ್ಟ ಪದ್ಧತಿ. ಮೊದಲ ಟ್ಯೂಬ್‌ನಲ್ಲೇ ಕೂತ ವಸ್ತು ಮುಂದಿನ ಟ್ಯೂಬ್‌ಗೆ ಬರುವುದಿಲ್ಲ. ಮೊದಲು ಡಿಎಂಎಸ್‌ಒದಲ್ಲೇ ಎಲ್ಲ ಪ್ರಮಾಣಗಳನ್ನೂ ಮಾಡಿಕೊಂಡು, ಒಂದೊಂದರಿಂದಲೂ 4 ಮೈಕ್ರೋಲೀಟರನ್ನು 37 ಡಿಗ್ರಿಯ 1 ಮಿ.ಲೀ. ಮೀಡಿಯಾಕ್ಕೆ ಹಾಕಿ ಕೂಡಲೇ ಕಲಸಿ. ಎರಡು ಪಟ್ಟಿನ ದ್ರಾವಣ ಸಿದ್ಧ. ಗಸಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ಮೇಲಿನ ತಿಳಿಯನ್ನು ಬಳಸಿದರೆ ತೂಕದ ಲೆಕ್ಕ ಅಲ್ಲಿಗೆ ಮುಗಿಯಿತು, ಆ ಅಂಕಿ ಬರೆಯಬೇಡಿ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದರೂ ಅಷ್ಟೇ: ಗಸಿ ಫಿಲ್ಟರ್ ಮೇಲೆ, ಔಷಧಿಯೂ ಫಿಲ್ಟರ್ ಮೇಲೆ. ಡಿಎಂಎಸ್‌ಒ ಸ್ಟಾಕನ್ನು ಸೋಸಲೇಬೇಕಿದ್ದರೆ ಪಿಟಿಎಫ್‌ಇ ಫಿಲ್ಟರ್ ಬಳಸಿ. ಸೆಲ್ಯುಲೋಸ್ ಅಸಿಟೇಟ್ ಡಿಎಂಎಸ್‌ಒದಲ್ಲಿ ತಾನೇ ಕರಗುತ್ತದೆ.

ಆಮೇಲೆ ಅವಧಿ. ಹೆಪ್‌ಜಿ2 ನಿಧಾನದ ಕೋಶ, ದುಪ್ಪಟ್ಟಾಗಲು ಸುಮಾರು ಎರಡು ದಿನ ಹಿಡಿಯುವುದುಂಟು. 24 ಗಂಟೆಯ ಪರೀಕ್ಷೆಯಲ್ಲಿ ಕಂಟ್ರೋಲ್ ಕೂಡ ಬೆಳೆದಿರುವುದಿಲ್ಲ. ಬೆಳವಣಿಗೆ ತಡೆಯುವ ಸಾರ ತಡೆದದ್ದು ಎಲ್ಲಿ ಕಾಣಬೇಕು? 72 ಗಂಟೆಗೆ ಹೋಗಿ. ಸಾರ ಹಾಕುವ ಕ್ಷಣದಲ್ಲೇ ಒಂದು ಪ್ಲೇಟನ್ನು ಓದಿಟ್ಟುಕೊಂಡರೆ (ಸೊನ್ನೆ ಗಂಟೆಯ ಪ್ಲೇಟ್) ಬೆಳವಣಿಗೆ ನಿಂತದ್ದು ಬೇರೆ, ಕೋಶ ಸತ್ತದ್ದು ಬೇರೆ ಎಂದು ಬಿಡಿಸಿ ಹೇಳಬಹುದು.

ಇನ್ನೊಂದು ಮಿತಿ ಕೋಶದ್ದೇ. ಹೆಪ್‌ಜಿ2ನಲ್ಲಿ ಔಷಧಿಯನ್ನು ಮಾರ್ಪಡಿಸುವ ಸಿವೈಪಿ ಕಿಣ್ವಗಳು ಯಕೃತ್ತಿನ ಸಹಜ ಕೋಶಕ್ಕೆ ಹೋಲಿಸಿದರೆ ತೀರ ಕಡಿಮೆ. ಯಕೃತ್ತಿನಲ್ಲಿ ಮಾರ್ಪಟ್ಟ ಮೇಲಷ್ಟೇ ವಿಷವಾಗುವ ವಸ್ತು ಇಲ್ಲಿ ಸುಮ್ಮನೆ ಕೂರುತ್ತದೆ. ಅಂಥ ಅನುಮಾನವಿದ್ದರೆ ಆ ಕಿಣ್ವಗಳಿರುವ ಹೆಪಾಆರ್‌ಜಿ ಕೋಶ ಬೇಕು. ಪಿ53 (ಗಡ್ಡೆ ತಡೆಯುವ ಜೀನ್) ಸರಿಯಿರುವ ಹೆಪ್‌ಜಿ2, ಅದು ಕೆಟ್ಟಿರುವ ಹುಹ್7, ಅದು ಇಲ್ಲವೇ ಇಲ್ಲದ ಹೆಪ್3ಬಿ, ಈ ಮೂರರಲ್ಲಿ ಉತ್ತರ ಬೇರೆ ಬೇರೆ ಬಂದರೆ ಅದು ದೋಷವಲ್ಲ, ಮಾಹಿತಿ.

ಒಂದೇ ಪ್ರಮಾಣದ ವೆಲ್‌ಗಳು ಒಂದಕ್ಕೊಂದು ಹೊಂದದಿದ್ದರೆ

ಮೂರು ವೆಲ್‌ಗಳಲ್ಲಿ 0.42, 0.81, 0.60 ಬಂದರೆ ಸರಾಸರಿ ತೆಗೆದು ಮುಂದೆ ಹೋಗಬೇಡಿ. ಹೆಪ್‌ಜಿ2 ಉಂಡೆಗಳೇ ಮೊದಲ ಕಾರಣ. 0.25% ಟ್ರಿಪ್ಸಿನ್-ಇಡಿಟಿಎಯಲ್ಲಿ 3ರಿಂದ 5 ನಿಮಿಷ ಇಟ್ಟು, ತಾಕಿದರೆ ಬಿಡುವ ಹಂತಕ್ಕೆ ಬರಲಿ. ಫ್ಲಾಸ್ಕ್ ಬಡಿಯಬೇಡಿ, ಬಡಿದರೆ ಹಾಳೆಯಂತೆ ಏಳುತ್ತವೆ. ಮೀಡಿಯಾ ಸೇರಿಸಿ 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಆಮೇಲೆ ಎಣಿಸಿ. ಹಂಚುವಾಗ ಪ್ರತಿ ಎರಡು ಸಾಲಿಗೊಮ್ಮೆ ತೊಟ್ಟಿಯನ್ನು ಕಲಕಿ, ಇಲ್ಲವಾದರೆ ಕೊನೆಯ ಸಾಲಿನಲ್ಲಿ ದುಪ್ಪಟ್ಟು ಕೋಶ ಬೀಳುತ್ತದೆ.

ಪ್ಲೇಟ್‌ನ ಅಂಚಿನ 36 ವೆಲ್‌ಗಳು ಬೇಗ ಆರುತ್ತವೆ, ಬೇಸಿಗೆಯಲ್ಲಿ ಇನ್ನೂ ಬೇಗ. ಅವುಗಳಿಗೆ ಪಿಬಿಎಸ್ 200 ಮೈಕ್ರೋಲೀಟರ್ ತುಂಬಿ, ಒಳಗಿನ 60ರಲ್ಲಷ್ಟೇ ಕೆಲಸ ಮಾಡಿ. ಕೋಶ ಹಾಕಿದ ಮೇಲೆ ಪ್ಲೇಟನ್ನು 20 ನಿಮಿಷ ಹುಡ್‌ನಲ್ಲೇ ಸಮತಟ್ಟಾಗಿ ಬಿಟ್ಟು ಇನ್‌ಕ್ಯುಬೇಟರ್‌ಗೆ ಒಯ್ಯಿರಿ, ಕೋಶಗಳು ಗೋಡೆಗೆ ಸರಿಯುವುದು ತಪ್ಪುತ್ತದೆ. ಉಂಡೆಯೊಳಗಿನ ಫಾರ್ಮಜಾನ್ ತಡವಾಗಿ ಕರಗುತ್ತದೆ: ಡಿಎಂಎಸ್‌ಒ ಹಾಕಿ ಕತ್ತಲಲ್ಲಿ 15 ನಿಮಿಷ ಅಲುಗಾಡಿಸಿ, ಸೂಕ್ಷ್ಮದರ್ಶಕದಲ್ಲಿ ಸೂಜಿಗಳು ಉಳಿದಿಲ್ಲ ಎಂದು ಕಂಡಮೇಲೆ ಓದಿ. ಎಂಟಿಟಿ ಸ್ಟಾಕ್ ಹಸಿರು ಛಾಯೆಗೆ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ.

ಕೋಶದ ಸಂಖ್ಯೆ ಹೆಚ್ಚಾದರೂ ತೊಂದರೆಯೇ. 1,000ದಿಂದ 40,000ವರೆಗೆ ಕೋಶ ಹಾಕಿ ಒಂದು ರೇಖೆ ಎಳೆದುಕೊಳ್ಳಿ, ಓ.ಡಿ. ನೇರವಾಗಿ ಏರುವ ಭಾಗದೊಳಗೆ, 72 ಗಂಟೆಯ ಕಂಟ್ರೋಲ್ 0.8ರಿಂದ 1.2ರ ನಡುವೆ ಬರುವಷ್ಟು ಕೋಶ ಆರಿಸಿ. 8,000 ಎಂಬುದು ಆರಂಭಕ್ಕೆ ಹೇಳಿದ ಅಂಕಿ, ವೇದವಾಕ್ಯವಲ್ಲ.

ತಿಂಗಳಿನಿಂದ ತಿಂಗಳಿಗೆ ಫಲ ಬದಲಾದರೆ

ಗಿಡ ಅದೇನಾ? ಅಂಗಡಿಯಲ್ಲಿ ‘ಭೂಮ್ಯಾಮಲಕಿ’ ಎಂದು ಕೊಡುವ ಒಣಗಿದ ಕಟ್ಟಿನಲ್ಲಿ ಫಿಲ್ಯಾಂತಸ್‌ನ ಹಲವು ಜಾತಿಗಳು ಬೆರೆತಿರುತ್ತವೆ. ಹೂ ಇರುವ ಹಸಿಗಿಡ ಸಿಕ್ಕರೆ ಭೂತಗನ್ನಡಿಯಲ್ಲಿ ನೋಡಿ: ಅಮಾರಸ್‌ಗೆ ಪುಷ್ಪಪತ್ರ 5, ಫ್ರಾಟರ್ನಸ್‌ಗೆ 6, ಯುರಿನೇರಿಯಾದ ಕಾಯಿಯ ಮೈ ಒರಟು, ತೊಟ್ಟು ಇಲ್ಲದಷ್ಟು ಚಿಕ್ಕದು. ಪುಡಿಯಾದ ಮೇಲೆ ಇದಾವುದೂ ಕಾಣದು. ಹಾಗೆಯೇ ಕಿರಾತಕಡ್ಡಿ ಎಂದು ಕೇಳಿದರೆ ನೆಲಬೇವು ಕೊಡುವುದೂ ಇದೆ, ಎರಡೂ ಕಹಿಯೇ. ಗಿಡ ಕಿತ್ತ ದಿನವೇ ಒಂದು ಮಾದರಿಯನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ ಕೊಟ್ಟು ಸಂಖ್ಯೆ ಪಡೆಯಿರಿ. ಪ್ರತಿ ಬ್ಯಾಚ್ ಸಾರಕ್ಕೂ ಎಚ್‌ಪಿಟಿಎಲ್‌ಸಿ (ಸಾರದ ವಸ್ತುಗಳನ್ನು ಗೆರೆಗಳಾಗಿ ಬೇರ್ಪಡಿಸಿ ತೋರಿಸುವ ವಿಧಾನ) ಪಟ್ಟಿ ತೆಗೆದು ಫಿಲ್ಯಾಂತಿನ್ ಗೆರೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಗೆರೆ ಮಂಕಾಗಿದ್ದರೆ ಐಸಿ50 ಏರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಟ್ಯಾನಿನ್‌ಗಳು ಇನ್ನೂ ಚಂಚಲ; ಜೆರಾನಿನ್ ನೀರಿನಲ್ಲಿ ಬಿಸಿಯಾದರೆ ಕೊರಿಲಾಜಿನ್, ಎಲಾಜಿಕ್ ಆಮ್ಲಗಳಾಗಿ ಒಡೆಯುತ್ತದೆ. ಸ್ಟಾಕನ್ನು 50 ಮೈಕ್ರೋಲೀಟರ್ ಭಾಗಗಳಾಗಿ ಮೈನಸ್ 20ರಲ್ಲಿಟ್ಟು, ಒಂದೊಂದನ್ನು ಒಂದೇ ಸಲ ಕರಗಿಸಿ ಬಳಸಿ. ಪದೇಪದೇ ತೆರೆದ ಡಿಎಂಎಸ್‌ಒ ಗಾಳಿಯ ತೇವ ಹೀರಿ ಗಾಢತೆಯನ್ನೇ ಬದಲಿಸುತ್ತದೆ.

ಕೋಶ ಅದೇನಾ? ಹೆಪ್‌ಜಿ2ಅನ್ನು ದಶಕಗಳ ಕಾಲ ಹೆಪಟೊಸೆಲ್ಯುಲಾರ್ ಕಾರ್ಸಿನೋಮಾ ಎಂದೇ ಕರೆದರು. ಮೂಲ ಗಡ್ಡೆ ಮಕ್ಕಳಲ್ಲಿ ಬರುವ ಹೆಪಟೊಬ್ಲಾಸ್ಟೋಮಾ ಎಂದು ಆಮೇಲೆ ತಿಳಿಯಿತು. ಬರೆಯುವಾಗ ಎಚ್ಚರ ಬೇಕು. ಅದಕ್ಕಿಂತ ದೊಡ್ಡ ಎಡವಟ್ಟು ‘ಸಹಜ ಯಕೃತ್ ಕೋಶ’ ಎಂದು ಚಾಂಗ್ ಲಿವರ್ ಕೋಶವನ್ನು ಹೋಲಿಕೆಗೆ ಇಡುವುದು. ಅದು ಹೀಲಾ, ಅಂದರೆ ಗರ್ಭಕೊರಳಿನ ಕ್ಯಾನ್ಸರ್ ಕೋಶ ಬೆರೆತು ಹೋದ ತಳಿ. ಎಲ್-02, ಬೆಲ್-7402, ಎಸ್‌ಎಂಎಂಸಿ-7721 ಕೂಡ ಅದೇ ಕಥೆ. ಇವುಗಳಿಂದ ತೆಗೆದ ‘ಆಯ್ಕೆ ಸೂಚ್ಯಂಕ’ (ಸಹಜ ಕೋಶದ ಐಸಿ50ಯನ್ನು ಕ್ಯಾನ್ಸರ್ ಕೋಶದ ಐಸಿ50ಯಿಂದ ಭಾಗಿಸಿದ ಅಂಕಿ) ಒಂದು ಕ್ಯಾನ್ಸರನ್ನು ಇನ್ನೊಂದು ಕ್ಯಾನ್ಸರ್‌ಗೆ ಹೋಲಿಸಿದ್ದು ಮಾತ್ರ. ಪುಣೆಯ ಎನ್‌ಸಿಸಿಎಸ್ ಭಂಡಾರದಂಥ ಕಡೆಯಿಂದ ಕೋಶ ತರಿಸಿ, ಎಸ್‌ಟಿಆರ್ (ಕೋಶದ ಡಿಎನ್‌ಎ ಗುರುತು) ಪರೀಕ್ಷೆಯ ವರದಿಯನ್ನು ಕಡತದಲ್ಲಿಡಿ. ಪಕ್ಕದ ಲ್ಯಾಬಿನವರು ಪ್ರೀತಿಯಿಂದ ಕೊಟ್ಟ ಫ್ಲಾಸ್ಕ್ ಬೇಡ.

ಮೈಕೋಪ್ಲಾಸ್ಮಾ (ಕೋಶಗಳಿಗೆ ತಗಲುವ ಅತಿಚಿಕ್ಕ ಬ್ಯಾಕ್ಟೀರಿಯಾ) ಬಂದರೆ ಮೀಡಿಯಾ ತಿಳಿಯಾಗಿಯೇ ಇರುತ್ತದೆ, ಕೋಶ ಮಾತ್ರ ಮಂದವಾಗುತ್ತದೆ, ಎಂಟಿಟಿ ಅಂಕಿ ಅರ್ಥವಿಲ್ಲದೆ ಓಲಾಡುತ್ತದೆ. ಆ್ಯಂಟಿಬಯೊಟಿಕ್ ಇಲ್ಲದ ಮೀಡಿಯಾದಲ್ಲಿ ಒಂದು ವಾರ ಬೆಳೆಸಿ ಪಿಸಿಆರ್ ಮಾಡಿಸಿ. ಸಿಕ್ಕರೆ ಆ ಕೋಶವನ್ನು ಉಳಿಸಲು ಹೋಗದೆ ಆಟೊಕ್ಲೇವ್ ಮಾಡಿ ಬಿಸಾಡಿ.

ಸೀರಂ ಲಾಟ್ ಬದಲಾದರೆ ಹೊಸ ಲಾಟ್‌ನಲ್ಲಿ ಡಾಕ್ಸೊರುಬಿಸಿನ್ ರೇಖೆಯನ್ನು ಮತ್ತೊಮ್ಮೆ ಎಳೆಯಿರಿ.

ಲೆಕ್ಕದಲ್ಲಿ ನುಸುಳುವ ತಪ್ಪು

ಪ್ರತಿ ಪ್ರಮಾಣದ ಓ.ಡಿ.ಯಿಂದ ಅದೇ ಪ್ರಮಾಣದ ಕೋಶವಿಲ್ಲದ ಬ್ಲ್ಯಾಂಕನ್ನೂ, ಡಿಎಂಎಸ್‌ಒ ಕಂಟ್ರೋಲ್‌ನಿಂದ ಡಿಎಂಎಸ್‌ಒ ಬ್ಲ್ಯಾಂಕನ್ನೂ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿ. ಹೋಲಿಕೆ ಡಿಎಂಎಸ್‌ಒ ಕಂಟ್ರೋಲ್‌ಗೆ, ಏನೂ ಹಾಕದ ಕೋಶಕ್ಕಲ್ಲ. ಒಂದು ಪ್ಲೇಟ್‌ನ ಆರು ವೆಲ್ ಒಂದೇ ಪ್ರಯೋಗ. ಬೇರೆ ಬೇರೆ ವಾರ, ಬೇರೆ ಪ್ಯಾಸೇಜ್‌ನ (ಹೊಸ ಫ್ಲಾಸ್ಕ್‌ಗೆ ದಾಟಿಸಿದ ಸರದಿಯ) ಮೂರು ಪ್ಲೇಟ್ ಇದ್ದರೆ ಮೂರು.

ರೇಖೆಗೆ ಪ್ರಮಾಣದ ಲಾಗರಿದಮ್ ಮೇಲೆ ನಾಲ್ಕು ನಿಯತಾಂಕಗಳ ಸಮೀಕರಣ ಬಳಸಿ. ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆದು, ಅತಿ ಹೆಚ್ಚಿನ ಪ್ರಮಾಣದಲ್ಲೂ 62% ಉಳಿದಿರುವ ಸಾರಕ್ಕೆ ‘ಐಸಿ50 = 287’ ಎಂದು ಬರೆಯುವವರಿದ್ದಾರೆ. 200ರವರೆಗಷ್ಟೇ ಪರೀಕ್ಷಿಸಿ 50% ಮುಟ್ಟದಿದ್ದರೆ ‘200ಕ್ಕಿಂತ ಹೆಚ್ಚು’ ಎಂದು ಬರೆದು ನಿಲ್ಲಿಸಿ. ಕಚ್ಚಾ ಸಾರದ ಐಸಿ50 ಮಿ.ಲೀ.ಗೆ 20ರಿಂದ 30 ಮೈಕ್ರೋಗ್ರಾಂ ಒಳಗಿದ್ದರೆ ಮಾತ್ರ ಬೇರ್ಪಡಿಸುವ ಕೆಲಸಕ್ಕೆ ಕೈಹಾಕುವುದು ಈ ಕ್ಷೇತ್ರದ ರೂಢಿ. 180 ಬಂದ ಸಾರವನ್ನು ಕಾಲಂಗೆ ಏರಿಸುವ ಮೊದಲು ಸಿಲಿಕಾ ಜೆಲ್ ಬೆಲೆಯನ್ನೊಮ್ಮೆ ನೋಡಿ.